ಅತ್ತಿಗೆಯ ಗಡಿಯಾರ

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಚಿತ್ರಗುಪ್ತ ಆಸ್ಪತ್ರೆಯಲ್ಲಿ ತೀರಿಕೊಂಡ. ಫೋನಿನಲ್ಲಿ ಅವನ ತಂಗಿ ಹೇಳಿದ್ದು ಇಷ್ಟೇ.

ಆ ಹೆಸರು ನಾವಿಟ್ಟದ್ದು. ಹನ್ನೆರಡು ವರ್ಷ ಒಂದೇ ಟಿವಿ ಧಾರಾವಾಹಿಯ ಕಂಟಿನ್ಯುಟಿ ನೋಡಿಕೊಂಡವನು ಅವನು. ಅದಕ್ಕೆ ಸಂಭಾಷಣೆ ಬರೆಯುತ್ತಿದ್ದವನು ನಾನು. ಹಿಂದಿನ ಶಾಟಿನಲ್ಲಿ ಲೋಟದ ಹಾಲು ಎಷ್ಟಿತ್ತು, ಅಳುವ ಮೊದಲು ಬಾಗಿಲು ಎಷ್ಟು ತೆರೆದಿತ್ತು, ಶಾಲು ಯಾವ ಭುಜದ ಮೇಲಿತ್ತು, ಎಲ್ಲವೂ ಅವನ ಬೂದು ಕೋಟಿನ ಜೇಬಿನಲ್ಲಿದ್ದ ಪುಸ್ತಕದಲ್ಲಿ. ದೀಪಗಳ ಸೆಖೆಯಲ್ಲೂ ಆ ಕೋಟು ಬಿಚ್ಚಿದವನಲ್ಲ. ಸೆಟ್ಟಿನ ಸಾಮಾನು ಎಲ್ಲಿ ಅಲುಗೀತೋ ಎಂದು ಅಡ್ಡಡ್ಡ ನಡೆಯುತ್ತಿದ್ದವನು ರಸ್ತೆಯಲ್ಲೂ ಹಾಗೇ ನಡೆಯುತ್ತಿದ್ದ. ನಮ್ಮ ಮನೆಗೆ ಬಂದರೆ ಏಳುವಾಗ ಕುರ್ಚಿಯನ್ನು ಹಿಂದಿನ ಕೋನಕ್ಕೇ ತಂದು ನಿಲ್ಲಿಸಿ, "ಮೊದಲಿದ್ದ ಹಾಗೇ ಇದೆಯಾ, ನೋಡ್ಕೋ" ಅನ್ನುತ್ತಿದ್ದ.

ಅಂಥವನು ತಪ್ಪಿದ್ದು ಒಂದೇ ಸಲ, ಆರು ವರ್ಷದ ಹಿಂದೆ. ಹೆಂಡತಿ ಸತ್ತ ಒಂಬತ್ತನೆಯ ದಿನ ಕೆಲಸಕ್ಕೆ ಬಂದಿದ್ದ. ಧಾರಾವಾಹಿಯ ಅತ್ತಿಗೆ ಗಂಡನನ್ನು ಕಳೆದುಕೊಂಡ ಕಂತು. ಕೋಣೆಯೊಳಗೆ ಹೋಗುವಾಗ ಅವಳ ಎಡಗೈಯಲ್ಲಿದ್ದ ಗಡಿಯಾರ ಹೊರಗೆ ಬರುವಾಗ ಬಲಗೈಯಲ್ಲಿತ್ತು. ಪ್ರಸಾರವಾದ ಅರ್ಧ ಗಂಟೆಗೆ ಅಭಿಮಾನಿಗಳ ಗುಂಪಿನಲ್ಲಿ ಆ ಎರಡು ಚಿತ್ರ ಹರಿದಾಡಿದವು. "ಕಂಟಿನ್ಯುಟಿಯವನು ಗೊರಕೆ ಹೊಡೀತಿದ್ನಾ?" "ಮೊದಲು ಅವನ ಕೈಗೊಂದು ಗಡಿಯಾರ ಕಟ್ರಪ್ಪ!" ನಿರ್ಮಾಪಕರು ಬೇರೆಯವರನ್ನು ಹುಡುಕತೊಡಗಿದರು.

ಅಷ್ಟರಲ್ಲಿ ಗುಂಪಿನಲ್ಲಿ 'ಹಳೇ ವೀಕ್ಷಕ' ಎಂಬೊಬ್ಬರು ಬರೆದರು: 'ಇದು ತಪ್ಪಲ್ಲ. ಗಂಡ ಹಿಡಿದು ಕೂತಿದ್ದದ್ದು ಆ ಎಡಗೈ. ಇನ್ನು ಅದರ ಮೇಲೆ ಬೇರೆ ಏನೂ ಇರಬಾರದು ಅನ್ನಿಸಿದೆ ಅವಳಿಗೆ.'

ಗುಂಪಿನವರ ಮನಸ್ಸು ಕರಗಿಹೋಯಿತು. ಯಾರೋ ಆ ಕೈಯ ಚಿತ್ರ ಬಿಡಿಸಿದರು, ಯಾರೋ ಅದರ ಮೇಲೆ ನಲವತ್ತು ಅಧ್ಯಾಯದ ಕಥೆ ಹೆಣೆದು ಅಲ್ಲೇ ಹಾಕಿದರು, ಇನ್ಯಾರೋ ಅದನ್ನು ಓದಿ ಧ್ವನಿ ಮುದ್ರಿಸಿದರು. ವಾಹಿನಿಯವರು ನನ್ನನ್ನು ಕರೆದು, "ಜನರೇ ಬರೆದು ಕೊಟ್ಟಿದ್ದಾರಲ್ಲ ಸ್ವಾಮಿ, ಅದನ್ನೇ ಧಾರಾವಾಹಿಗೆ ಇಳಿಸಿಬಿಡಿ" ಎಂದರು. ಇಳಿಸಿದೆ. ಅದರ ಬೆನ್ನಿಗೇ ಮೊಬೈಲಿಗೆಂದು ಕಿರುಕಂತುಗಳು ಬಂದವು. ನಾವು ಬರೆದದ್ದೆಷ್ಟು, ಜನ ಬರೆದದ್ದೆಷ್ಟು ಎಂಬ ಗಡಿ ನನಗೇ ಅಳಿಸಿಹೋಯಿತು.

ಹಳೇ ವೀಕ್ಷಕ ತಾನೇ ಎಂದು ಅವನು ಹೇಳಿದ್ದು ನನಗೊಬ್ಬನಿಗೆ. "ಕೊನೇ ದಿನ ಅವಳ ಎಡಗೈ ಹಿಡ್ಕೊಂಡು ಕೂತಿದ್ದೆ ಕಣೋ. ಅದನ್ನೇ ಬರೆದೆ."

"ಎಲ್ಲರಿಗೂ ಹೇಳಿಬಿಡು ಮಾರಾಯ."

"ಈಗ ನನ್ನ ತಪ್ಪು ಅಂದ್ರೆ ಅಷ್ಟು ಜನ ಅತ್ತಿದ್ದೆಲ್ಲ ಏನಾಗ್ಬೇಕು? ಹೋಗ್ಲಿ ಬಿಡು, ಸಾಕಾಗಿದೆ."

ಕಳೆದ ವರ್ಷ ಅವನು ಹಾಸಿಗೆ ಹಿಡಿದಾಗ ಅವನ ಪುಸ್ತಕಗಳೆಲ್ಲ ಅವನ ಜಾಗಕ್ಕೆ ಹೊಸದಾಗಿ ಬಂದ ಹೆಣ್ಣುಮಗಳ ಪಾಲಾದವು. ಮೊನ್ನೆ ಸೋಮವಾರದ ಕಂತಿನಲ್ಲಿ ಅತ್ತಿಗೆಯ ಗಡಿಯಾರ ಮತ್ತೆ ಎಡಗೈಗೆ ಬಂದಿತ್ತು. ಆರು ವರ್ಷದ ಕಥೆ ನೀರಿನಲ್ಲಿ ಹೋಮವಾಯಿತೆಂದು ಗುಂಪು ಕೆಂಡವಾಯಿತು. ಮಂಗಳವಾರ ಬೆಳಿಗ್ಗೆ ಆ ಹೆಣ್ಣುಮಗಳು ಅವನಿಗೆ ಫೋನ್ ಮಾಡಿ ಅತ್ತಳು: "ಅಣ್ಣಾ, ಮಗೂಗೆ ಜ್ವರ, ಪುಸ್ತಕ ತೆಗೆದು ನೋಡ್ಲಿಲ್ಲ. ಮಧ್ಯಾಹ್ನ ಆಫೀಸಿಗೆ ಬಾ ಅಂದಿದ್ದಾರೆ. ಕಳಿಸಿಬಿಡ್ತಾರೆ."

ಅವಳ ಕೆಲಸ ಉಳಿದಿದೆ. ಕೆಲಸ ಸರಿಯಿದ್ದಷ್ಟು ದಿನ ಇಂಥವರು ಇದ್ದಾರೆಂಬುದೇ ಯಾರಿಗೂ ಕಾಣುವುದಿಲ್ಲ. ಲೋಕ ತಿರುಗಿ ನೋಡುವುದು ಅವರು ಎಡವಿದ ದಿನ ಮಾತ್ರ. ಇದು ಅವನಿಗೆ ಗೊತ್ತಿತ್ತು.

ತಂಗಿ ಆಮೇಲೆ ಹೇಳಿದಂತೆ, ದಿಂಬಿಗೊರಗಿ, ಒಂದೇ ಬೆರಳಿನಲ್ಲಿ, ತುಂಬ ಹೊತ್ತು ಹಿಡಿದು ಅವನು ಹಳೇ ವೀಕ್ಷಕನ ಹೆಸರಿನಲ್ಲೇ ಗುಂಪಿಗೆ ಬರೆದ: 'ಇದೂ ತಪ್ಪಲ್ಲ. ಗಂಡನ ಕೈಯನ್ನು ಇಷ್ಟು ವರ್ಷ ಹಿಡಿದುಕೊಂಡಿದ್ದಳು. ಈಗ ಬಿಟ್ಟುಕೊಟ್ಟಳು.' ಕಳಿಸಿದ. ಆಮೇಲೆ ಫೋನನ್ನು ಮೇಜಿನ ಮೇಲೆ, ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಹಾಗೇ ಇಟ್ಟ.