ಅದುರದ ಮನೆ

“ಊರೆಲ್ಲಾ ಅದುರಿದ್ರೂ ನಮ್ಮನೇಲಿ ಲೋಟ ಅಲ್ಲಾಡಲ್ಲ ಕಣಮ್ಮ. ಅಡೀಲಿ ಬಂಡೆ ಐತೆ, ಬಂಡೆ!” ಎಂದು ಮನೆ ಮಾರಲು ಹೊರಟಿದ್ದ ಕದಿರಮ್ಮ ಹಿಮ್ಮಡಿಯಿಂದ ನೆಲ ಗುದ್ದಿ ತೋರಿಸಿದಳು.

ಪೆರುಮಾಳ್ ತಲೆದೂಗಿದ. ಅವನ ಹೆಂಡತಿ ಕನಕಮ್ಮ ಗೋಡೆಯ ಹೊಸ ಸುಣ್ಣದ ಮೇಲೆ ಅಂಗೈ ಸವರುತ್ತ ನಡೆದಳು. ಬಿರುಕನ್ನು ಸುಣ್ಣ ಕಣ್ಣಿಗೆ ಮರೆಮಾಡಬಹುದು, ಆದರೆ ಅದು ಕೈಗೆ ಸಿಗದೆ ಇರದು. ಏನೂ ಸಿಗಲಿಲ್ಲ. ಆದರೂ ಅವಳಿಗೆ ಸಮಾಧಾನವಾಗಲಿಲ್ಲ.

“ಸಂತೇಲಿ ಎತ್ತಿನ ಅಲ್ಲು ನೋಡ್ದಂಗೆ ನೋಡ್ತಾವ್ಳೆ,” ಎಂದು ಪೆರುಮಾಳ್ ನಕ್ಕ.

“ಎತ್ತಾದ್ರೆ ಮಾರಿ ಇನ್ನೊಂದು ತರಬೋದು.”

ಪೆರುಮಾಳ್‌ಗೆ ಗಣಿಯಲ್ಲಿ ಇನ್ನು ಕೆಲವೇ ವರ್ಷಗಳ ಕೆಲಸ. ಕೆಲಸ ಬಿಟ್ಟರೆ ಗಣಿಯವರು ಕೊಟ್ಟ ಊರಿಗಾಂನ ಲೈನ್ ಮನೆಯನ್ನೂ ಬಿಡಬೇಕು. ಗಣಿಯನ್ನು ಸರ್ಕಾರ ವಹಿಸಿಕೊಂಡ ಮೇಲೂ ಆ ನಿಯಮ ಬದಲಾಗಿರಲಿಲ್ಲ. ಕೂಡಿಟ್ಟದ್ದು ಒಂದೇ ಗಂಟು. ಬಂಗಾರಪೇಟೆ ಸ್ಟೇಷನ್ನಿನ ಹಿಂದೆ ದೊಡ್ಡವೆಂಕಟಪ್ಪ ಎಂಬವನ ನಿವೇಶನವೊಂದು ಮಾರಾಟಕ್ಕಿತ್ತು. ಗಟ್ಟಿ ನೆಲ, ಆದರೆ ಬರೀ ನೆಲ. ಗಂಟೆಲ್ಲ ಅದಕ್ಕೇ ಹೋಗಿ, ಗೋಡೆ ಏಳಿಸಲು ಮತ್ತೆ ಮೊದಲಿನಿಂದ ಕೂಡಿಡಬೇಕು. ಕದಿರಮ್ಮನ ಮನೆಯಾದರೆ ಈಗಲೇ ತಲೆಯ ಮೇಲೆ ಹೆಂಚು. ಪೆರುಮಾಳ್ ಈಚೆಗೆ ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದ. ಅವನಿಗೇನಾದರೂ ಆದರೆ ಬಯಲಲ್ಲಿ ನಿಲ್ಲುವವಳು ತಾನು ಎಂಬ ಮಾತನ್ನು ಕನಕಮ್ಮ ಬಾಯಿಬಿಟ್ಟು ಆಡಿರಲಿಲ್ಲ.

“ಯಾಕಕ್ಕ ಮಾರ್ತಾ ಇದೀರಾ?” ಎಂದು ಕೇಳಿದಳು.

“ನಮ್ಮೆಜಮಾನ್ರು ಓದ್ಮೇಲೆ ಒಬ್ಳೇ ಏನ್ ಮಾಡ್ಲಿ? ಬೂದಿಕೋಟೇಲಿ ತಮ್ಮ ಅವ್ನೆ. ಬರೀ ಕೈಲಿ ಓದ್ರೆ ಅವ್ನ ಎಂಡ್ತಿ ಎರಡು ದಿನ ಉಣ್ಣಾಕಿಕ್ಕಿ, ಮೂರನೇ ದಿನಕ್ಕೆ ಸಗಣಿ ಬಾಚಾಕೆ ಕಳುಸ್ತಾಳೆ. ಅದಕ್ಕೇ ಕಣಮ್ಮ…”

ಅಷ್ಟರಲ್ಲಿ ನೆಲದಡಿಯಲ್ಲಿ ಎಲ್ಲೋ ಗುಡುಗು ಉರುಳಿದಂತಾಯಿತು. ಗಣಿಯ ಆಳದಲ್ಲಿ ಬಂಡೆ ಸಿಡಿದಿತ್ತು. ಊರಿಗೆ ಅದು ಹೊಸದಲ್ಲ. ಪೆರುಮಾಳ್ ನಿಂತಲ್ಲೇ ಕಾದ, ಅಷ್ಟೆ. ಕದಿರಮ್ಮ ಮಾತ್ರ, ಅದುರಾಟ ಮನೆಯನ್ನು ಮುಟ್ಟುವ ಮೊದಲೇ, ಪಾತ್ರೆ ಹಲಗೆಯ ಮುಂದಿದ್ದಳು. ಕೆಳಗಿನ ಹಲಗೆಗೆ ಎದೆಯೊತ್ತಿ, ತೋಳು ಚಾಚಿ, ಮೇಲಿನ ಸಾಲಿನ ಚೆಂಬು, ತಟ್ಟೆ, ಕಂಚಿನ ಬಟ್ಟಲುಗಳನ್ನು ತಬ್ಬಿಕೊಂಡಳು. ಯಾವುದು ಮೊದಲು ಬೀಳುತ್ತದೆಂದು ಆ ಕೈಗಳಿಗೆ ಗೊತ್ತಿತ್ತು. ಪಾತ್ರೆಗಳು ಗಲಗಲಿಸಿ ಸುಮ್ಮನಾದವು.



“ಕೈ ತೆಗೀರಿ ಅಕ್ಕ, ನಿಂತೋಯ್ತು,” ಕನಕಮ್ಮ ಮೆಲ್ಲಗೆ ಹೇಳಿದಳು.

ಕದಿರಮ್ಮ ತಿರುಗಲಿಲ್ಲ. “ಏಳಿದ ಬೆಲೇಲಿ ಕಾಲು ಭಾಗ ಬಿಡ್ತೀನಿ,” ಎಂದಳು.

ಪೆರುಮಾಳ್‌ನ ಮುಖ ಅರಳಿತು. “ಅರ್ಧ ಮಾಡಿ. ನಾಳೇನೇ ರಿಜಿಸ್ಟ್ರಿ ಮಾಡ್ಸೋಣ.”

“ಆಗ್ಲಿ, ಅರ್ಧಾನೇ ಕೊಡಿ.”

ನೆಲ ಅದುರಿದಾಗ ಹೆದರದ ಕನಕಮ್ಮನಿಗೆ ಕದಿರಮ್ಮನ ಆ ಅವಸರ ಕಂಡು ಹೆದರಿಕೆಯಾಯಿತು. ಅರ್ಧ ಬೆಲೆಗೆ ಬಂದ ಮನೆಗೆ ವರ್ಷವರ್ಷವೂ ಹೆಂಚು ಹೊದಿಸಬೇಕು, ಗೋಡೆ ಮೆತ್ತಬೇಕು. ಕೊನೆಗೊಂದು ದಿನ ತಾನೂ ಯಾರದೋ ಎದುರು ಹೀಗೆ ಹಿಮ್ಮಡಿ ಗುದ್ದಬೇಕು.

“ಬ್ಯಾಡ. ನಮಗೆ ಬಂಗಾರಪೇಟೆ ನೆಲಾನೇ ಸಾಕು.”

“ಬರೀ ನೆಲದ ಮ್ಯಾಲೆ ಮಲಿಕ್ಕಂತೀಯೇನೆ?” ಪೆರುಮಾಳ್ ರೇಗಿದ.

“ಮಲಿಕ್ಕಂತೀನಿ. ಅದು ಇದ್ದಲ್ಲೇ ಇರ್ತೈತಲ್ಲ.”

ಅವನು ಗೊಣಗುತ್ತ ಬೀದಿಗಿಳಿದ. ಕನಕಮ್ಮ ಹೊಸಿಲ ಬಳಿ ನಿಂತು, ಒಳಕ್ಕೆ ಮರಳಿದಳು. ಕದಿರಮ್ಮನ ತುರುಬಿನ ಮೇಲೆ ಸುಣ್ಣದ ಪುಡಿ ಉದುರಿತ್ತು. ಸೆರಗಿನ ತುದಿಯಿಂದ ಅದನ್ನು ಒರೆಸಿದಳು.

“ಇನ್ಯಾರಾದ್ರೂ ಮನೆ ನೋಡಾಕೆ ಬಂದ್ರೆ…” ಎಂದು ತಡೆದಳು. “ಪಾತ್ರೆಗಳ್ನ ಮೊದ್ಲೇ ಕೆಳಗಿಳಿಸ್ಬುಡಿ ಅಕ್ಕ.”

ಕದಿರಮ್ಮ ಅವಳ ಮುಖವನ್ನೇ ನೋಡಿದಳು.

“ಏನಂದೆ ಅವ್ರಿಗೆ?” ಬೀದಿಯಲ್ಲಿ ಪೆರುಮಾಳ್ ಕೇಳಿದ.

“ಓಗ್ಬತ್ತೀನಿ ಅಂದೆ.”

ತಿರುವಿನವರೆಗೂ ಅವಳು ಅವನಿಗಿಂತ ಹಿಂದೆಯೇ ನಡೆದಳು. ಕದಿರಮ್ಮನ ತೆರೆದ ಬಾಗಿಲಿನೊಳಗೆ, ನೆಲದ ಚಪ್ಪಡಿಯ ಮೇಲೆ ಕಂಚಿನ ಪಾತ್ರೆಯೊಂದನ್ನು ಇಟ್ಟ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.