ದ್ರೌಪತಿ ಕೂತ ತಾಸು

ಜೋಳದ ಸುಗ್ಗಿ ಜೋರಾಗಿ ನಡೆದಿತ್ತು. ಅಂಥ ಹೊತ್ತಿನಲ್ಲಿ ದುಬಲಗುಂಡಿಯ ನರಸಿಂಗ ಕೂಲಿ ಬಿಟ್ಟು ಬಸವಕಲ್ಯಾಣಕ್ಕೆ ಹೋಗಿ, ಬೌದ್ಧ ಭಿಕ್ಷು ಭಂತೇಜಿಯೊಬ್ಬರ ಧ್ಯಾನ ಶಿಬಿರದಲ್ಲಿ ಹತ್ತು ದಿನ ಕೂತು ಬಂದ. ಅದು ೧೯೭೧. ಅವನ ತಂದೆಯ ಕಾಲಕ್ಕೇ ಮನೆ ಬೌದ್ಧ ಧಮ್ಮಕ್ಕೆ ಸೇರಿತ್ತು. ಆದರೂ ಬುದ್ಧನ ಫೋಟೋಕ್ಕೆ ಕೈಮುಗಿಯುವುದರ ಹೊರತು ಕೇರಿಯಲ್ಲಿ ಯಾರಿಗೂ ಧ್ಯಾನ ಗೊತ್ತಿರಲಿಲ್ಲ. ಬಂದವನೇ ಹೆಂಡತಿ ದ್ರೌಪತಿಯನ್ನು ಎದುರಿಗೆ ಕೂಡಿಸಿಕೊಂಡ.

"ಉಸಿರು ಒಳಗ ಹೋಗತದ, ಹೊರಗ ಬರತದ. ಅದನ್ನ ನೋಡಕೋತ ಕೂಡು. ಅಷ್ಟೇ."

ಮೂರು ವರ್ಷ ಕಳೆದರೂ ನರಸಿಂಗನಿಗೆ ಅದು ಒಲಿಯಲಿಲ್ಲ. ಕಣ್ಣು ಮುಚ್ಚಿದರೆ ಕಾಲು ಜೋಮು ಹಿಡಿಯುತ್ತಿತ್ತು, ಕಿವಿ ಹುಮನಾಬಾದಿನ ಬಸ್ಸಿನ ಹಾರ್ನಿಗೆ ಓಡುತ್ತಿತ್ತು. ದ್ರೌಪತಿ ಮಾತ್ರ ನಸುಕಿನಲ್ಲಿ ಕೂತರೆ ಒಂದು ತಾಸು ಅಲುಗುತ್ತಿರಲಿಲ್ಲ. ಅವಳ ಬೆನ್ನನ್ನು ನೋಡುತ್ತ ನರಸಿಂಗ ಹಲ್ಲು ಕಚ್ಚುತ್ತಿದ್ದ.

ಮಗನನ್ನು ಕಳೆದುಕೊಂಡ ಪಕ್ಕದ ಮನೆಯ ಸೋನುಬಾಯಿ ಒಂದು ಸಂಜೆ ಬಾಗಿಲಿಗೆ ಬಂದಳು.

"ದ್ರೌಪತಿ ಅದಾಳೇನಪಾ? ಆಕೀ ಬಾಜೂಕ ಕುಂತರ ಜೀವ ತಣ್ಣಗಾಗತದ."

"ಆಕೀಗಿ ಕಲಿಸಿದಾಂವ ನಾನೇ, ಸೋನುಬಾಯಿ."

"ಹೌದಪಾ," ಎಂದು ಆಕೆ ಅವನನ್ನು ದಾಟಿ ಒಳಗೆ ಹೋದಳು.

ಆ ಮಾತು ರಾತ್ರಿಯೆಲ್ಲ ಚುಚ್ಚಿತು. ಮರುದಿನ ಬೆಳಗ್ಗೆ ದ್ರೌಪತಿ ಕಣ್ಣು ಮುಚ್ಚಿ ಕೂತಿದ್ದಾಗ ನರಸಿಂಗ ತುಂಬಿದ ಕೊಡವನ್ನು ಬೇಕೆಂದೇ ಅವಳ ಬೆನ್ನ ಹಿಂದೆ ಉರುಳಿಸಿದ. ನೀರು ಹರಿದು ಅವಳ ಸೀರೆ ತೊಯ್ದಿತು. ಅವಳು ಕಣ್ಣು ತೆರೆದು ಅವನನ್ನು ನೋಡಿದಳು. ಎದ್ದು ನೆಲ ಒರೆಸತೊಡಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

"ಕೈ ಜಾರಿ ಬಿದ್ದಿಲ್ಲ ಅದು," ಎಂದ. "ನಿನ್ನ ಮ್ಯಾಲ ನನಗ ಹೊಟ್ಟೆಕಿಚ್ಚು ಅದ."

"ಗೊತ್ತದರಿ." ದ್ರೌಪತಿ ಅರಿವೆ ಹಿಂಡಿದಳು. "ನನಗೂ ನಿಮ್ಮ ಮ್ಯಾಲ ಇತ್ತು."

"ನನ್ನ ಮ್ಯಾಲ? ಯಾಕ?"

"ನೀವು ಹತ್ತು ದಿನ ಹೋಗಿ ಆರಾಮ ಕುಂತ್ರಿ. ನಾ ಇಬ್ಬರ ಕೆಲಸ ಒಬ್ಬಾಕಿನೇ ಮಾಡಿದೆ. ಹೋಗಬೇಕಂತ ನನಗೂ ಆಸೆ ಇತ್ತು, ಒಂದು ಮಾತು ಕೇಳಲಿಲ್ಲ ನೀವು. ಉಸಿರು ನೋಡು ಅಂದ್ರಿ. ನನಗ ಉಸಿರು ಎಲ್ಲಿ ಕಾಣಬೇಕು? ಎದಿ ತುಂಬ ಬರೇ ಉರಿ. ಅದನ್ನೇ ನೋಡಕೋತ ಕುಂತೆ. ವರ್ಷಾನುಗಟ್ಟಲೆ."

"ಆರಿತೇನು?"

"ಒಮ್ಮೊಮ್ಮೆ ಇರತದ. ಇದ್ದರ ಅದ ಅಂತ ತಿಳೀತದ. ಕೊಡ ಉರುಳಸೂ ತನಕ ಹೋಗೂದಿಲ್ಲ."

ನರಸಿಂಗ ತಲೆ ತಗ್ಗಿಸಿದ. ಅವಳ ಕೈಯಿಂದ ಅರಿವೆ ತೆಗೆದುಕೊಂಡು ಉಳಿದ ನೆಲ ತಾನೇ ಒರೆಸಿದ. ಆಮೇಲೆ ಹಸಿ ನೆಲದ ಮೇಲೇ ಕೂತು ಕಣ್ಣು ಮುಚ್ಚಿದ. ಉಸಿರನ್ನು ಹುಡುಕಲಿಲ್ಲ. ಎದೆಯೊಳಗೆ ಕಿಚ್ಚು ಇತ್ತು. ಈ ಮಾತಿನಲ್ಲೂ ಅವಳು ತನಗಿಂತ ಮುಂದೆ ಹೋದಳಲ್ಲ ಎಂದು ಅದು ಮತ್ತಷ್ಟು ಭುಗಿಲೆದ್ದಿತು. ಅವನು ಏಳಲಿಲ್ಲ. ಅದು ಗಂಟಲಿಗೆ ಏರುವುದನ್ನು, ಅಲ್ಲಿ ಬಿಗಿಯುವುದನ್ನು, ತುಸು ಸಡಿಲಾಗುವುದನ್ನು ಮೊದಲ ಸಲ ನೋಡಿದ.

ಅತ್ತ ದ್ರೌಪತಿ ಸಪ್ಪಳವಾಗದಂತೆ ರೊಟ್ಟಿ ಬಡಿಯತೊಡಗಿದ್ದಳು.