ಶಾಫ್ಟಿಗೆ ಸುತ್ತಿದ ಕೆಂಪು ದಡಿ

ನಿಜಗುಣಪ್ಪ ಸಾಹುಕಾರ ನನ್ನನ್ನು ಸಿದ್ದರಾಮಪ್ಪ ಎಂದು ಕರೆದದ್ದು ಅದೇ ಮೊದಲು. ಅಲ್ಲಿಯವರೆಗೆ ಆತನ ಬಾಯಲ್ಲಿ ನಾನು ಬರೀ ಸಿದ್ಯಾ. ಗರಜು ಬಿದ್ದಾಗ ಕೆಲವರ ನಾಲಿಗೆ ಎಷ್ಟು ಮೆತ್ತಗಾಗುತ್ತದೆ ನೋಡಿ.

"ಸಿದ್ದರಾಮಪ್ಪ, ಒಂದೀಟ ಬೋಟು ನೋಡೋ ಮಾರಾಯಾ. ಮಧ್ಯಾಹ್ನ ರಾಮದುರ್ಗದ ಬೀಗರು ಬರಾಕತ್ಯಾರ. ಬ್ಯಾರೆ ಇಬ್ರು ಮಿಸ್ತ್ರಿಗೋಳು ನೋಡಿ ಹೋದ್ರು, ಏನೂ ತಿಳೀಲಿಲ್ಲ."

ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರ ಮಾಡುವ ಈತ, ಸವದತ್ತಿಯ ಹಿನ್ನೀರಿನಲ್ಲಿ ಮೋಜು ಮಾಡಲೆಂದು ಗೋವೆಯಿಂದ ಹಳೆಯ ಬೋಟೊಂದನ್ನು ತಂದಿಟ್ಟಿದ್ದ. ಅದೇ ದಂಡೆಯಲ್ಲಿ ನಾನು ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ. ನನ್ನ ಅವ್ವ ಮಾಯವ್ವ ಅದೇ ನೀರಿನಲ್ಲಿ ನಲವತ್ತು ವರ್ಷ ಬಲೆ ಹಾಕಿದವಳು. ನಮ್ಮಂಥವರ ಸಿಟ್ಟು ನಾಲ್ಕು ತಿಂಗಳಲ್ಲಿ ಆರಿಹೋಗಿರುತ್ತದೆ ಎಂದು ಆತ ತಿಳಿದಿದ್ದ. ಆರಿರಲಿಲ್ಲ.

ಸಂಕ್ರಾಂತಿಯ ಮರುದಿನ ಆತ ಬೋಟನ್ನು ಅವ್ವನ ಬಲೆಯ ಮೇಲೆ ಓಡಿಸಿ ಹರಿದು ಹಾಕಿದ. ಕಂಡವಳು ಅವಳೊಬ್ಬಳೇ. ದಂಡೆಯ ಹಿರಿಯ ಮಾಳಪ್ಪನ ಅಂಗಳದಲ್ಲಿ ಪಂಚಾಯ್ತಿ ಕೂಡಿತು. ಯಲ್ಲಮ್ಮನ ಭಂಡಾರ ಹಿಡಿದು ಆಣೆ ಮಾಡಿದರೆ ನಮ್ಮಲ್ಲಿ ಮಾತು ಮುಗಿದಂತೆ, ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ನಿಜಗುಣಪ್ಪ ಅಂಗೈ ತುಂಬ ಆ ಅರಿಸಿನ ಹಿಡಿದು, "ಯಲ್ಲವ್ವನ ಆಣಿ, ನನ್ನ ಬೋಟು ಯಾರ ಬಲಿ ಮ್ಯಾಲೂ ಹೋಗಿಲ್ಲ" ಎಂದುಬಿಟ್ಟ. ಸುಳ್ಳು ದೂರು ಹೇಳಿದ ತಪ್ಪಿಗೆ ಎಪ್ಪತ್ತು ವರ್ಷದ ನನ್ನ ಅವ್ವ ಎಲ್ಲರೆದುರು ಅವನ ಕಾಲು ಮುಟ್ಟಬೇಕಾಯಿತು. ಅವಳು ಬಗ್ಗಿದಾಗ ಅವನು ಫೋನು ನೋಡುತ್ತ ನಿಂತಿದ್ದ. ಅವತ್ತಿನಿಂದ ಅವಳು ನೀರಿನ ಕಡೆ ಮುಖ ಹಾಕಿರಲಿಲ್ಲ.

ಹಾಗಿದ್ದೂ ಏಕೆ ಹೋದೆ ಎಂದು ಕೇಳುತ್ತೀರಿ. ಎರಡು ಬೋಲ್ಟು ಸಡಿಲಿಸಿ, ಬೀಗರ ಸಮೇತ ಅವನನ್ನು ನಡುನೀರಿನಲ್ಲಿ ನಿಲ್ಲಿಸೋಣವೆಂದೇ ಹೋದೆ. ಸುಳ್ಳೇಕೆ ಹೇಳಲಿ?

ಎಂಜಿನ್ ಚೆನ್ನಾಗಿಯೇ ಕೂಗುತ್ತಿತ್ತು. ಆದರೆ ವೇಗ ಏರಿಸಿದ ಕೂಡಲೇ ಇಡೀ ಬೋಟು ಗಡಗಡ ನಡುಗುತ್ತಿತ್ತು. ಬೋಟನ್ನು ತಳ್ಳುವ ಪಂಖವನ್ನು ತಿರುಗಿಸುವ ಶಾಫ್ಟು ತಳದ ತೂತಿನಿಂದ ಹೊರಗೆ ಹೋಗುವ ಜಾಗದಲ್ಲಿ ನೀರು ಒಳಗೆ ಜಿನುಗುತ್ತಿತ್ತು. ಮೊದಲ ಮಿಸ್ತ್ರಿ ಬೋಲ್ಟು ಬಿಗಿದಿದ್ದ, ಎರಡನೆಯವನು ಎಂಜಿನ್ನಿನ ಕೆಳಗಿನ ರಬ್ಬರು ಬದಲಿಸಿದ್ದ. ನಾನು ಎಂಜಿನ್ನಿಗೂ ಶಾಫ್ಟಿಗೂ ನಡುವಿನ ಜೋಡಣೆ ಬಿಚ್ಚಿ, ಎಂಜಿನ್ನನ್ನಷ್ಟೇ ಓಡಿಸಿದೆ. ಒಂದಿಷ್ಟೂ ನಡುಕವಿಲ್ಲ. ಆಮೇಲೆ ಶಾಫ್ಟನ್ನು ಕೈಯಿಂದ ತಿರುಗಿಸಿದೆ. ಪ್ರತಿ ಸುತ್ತಿಗೂ ಒಂದೇ ಕಡೆ ಬಿಗಿಯಾಗಿ ಹಿಡಿಯುತ್ತಿತ್ತು. ಅಂದರೆ ದೋಷ ಹೊರಗೆ, ನೀರಿನ ಕೆಳಗೆ ಇತ್ತು.

"ಬೋಟು ದಂಡಿಗೆ ಎಳೀಬೇಕ್ರಿ ಸಾವ್ಕಾರ್ರ."

"ಎಳಿಯೂದು ಗಿಳಿಯೂದು ಬ್ಯಾಡ. ಒಳಗ ಕುಂತು ಏನ್ ಮಾಡ್ತಿ ಮಾಡು."

"ಹಂಗಾರ ಬೀಗರ ಕೈಯಾಗ ಒಂದೊಂದು ತಂಬಿಗಿ ಕೊಡ್ರಿ, ನೀರು ಹೊರಗ ಚೆಲ್ಲಾಕ."

ಒಪ್ಪದೆ ಎಲ್ಲಿಗೆ ಹೋಗುತ್ತಾನೆ? ಟ್ರ್ಯಾಕ್ಟರ್ ತರಿಸಿ ಬೋಟು ಎಳೆಸಿದ, ಊಟದ ಏರ್ಪಾಡು ನೋಡಲು ಶಾಮಿಯಾನದ ಕಡೆ ಹೋದ.

ಪಂಖದ ಬೆನ್ನಿಗೆ, ಶಾಫ್ಟಿನ ಸುತ್ತ ಕರ್ರಗಿನ ದಪ್ಪ ಬಳೆಯೊಂದು ಕೂತಿತ್ತು. ಬಲೆಯ ನೈಲಾನು ಸುತ್ತಿಕೊಂಡು, ತಿಕ್ಕಿದ ಬಿಸಿಗೆ ಕರಗಿ ಕಲ್ಲಾಗಿತ್ತು. ಚಾಕುವಿನಿಂದ ಒಂದು ಪದರ ಸೀಳಿದೆ. ಒಳಗಿನಿಂದ ಕೆಂಪು ಬಟ್ಟೆ ಇಣುಕಿತು. ಬಲೆಗೆ ಗುರುತೆಂದು ತನ್ನ ಹಳೆಯ ಸೀರೆಯ ಕೆಂಪು ದಡಿ ಹರಿದು ಕಟ್ಟುವವಳು ಈ ದಂಡೆಯಲ್ಲಿ ಒಬ್ಬಳೇ. ನೈಲಾನು ಕರಗಿತ್ತು, ಹತ್ತಿ ನೂಲಿನ ದಡಿ ಕರಗಿರಲಿಲ್ಲ. ಹತ್ತಿ ವ್ಯಾಪಾರಿಗೆ ಇಷ್ಟಾದರೂ ಗೊತ್ತಿರಬೇಕಿತ್ತು.

ಬೋಲ್ಟಿನ ಯೋಚನೆ ಅಲ್ಲಿಗೇ ಬಿಟ್ಟೆ. ಅದು ತೀರ ಸಣ್ಣ ಸೇಡು. ಅವ್ವನಿಗೆ ಫೋನು ಹಚ್ಚಿದೆ.

"ಯವ್ವಾ, ಕುಡಗೋಲು ತಗೊಂಡು ದಂಡಿಗೆ ಬಾ. ಮಾಳಪ್ಪ ಕಾಕಾನ್ನೂ ಕರಕೊಂಡ ಬಾ."

"ನಾ ಅಲ್ಲಿ ಬರಂಗಿಲ್ಲ ತಮ್ಮಾ."

"ನಿನ್ನ ಬಲಿ ಸಿಕ್ಕೈತಿ."

ಅವಳು ಕುಡಗೋಲು ಹುಡುಕುವ ಸದ್ದು ಕೇಳಿಸಿತು. ಆಮೇಲೆ ಫೋನು ಇಟ್ಟಳು.

ಅವರಿಬ್ಬರೂ ದಂಡೆಗೆ ಇಳಿಯುವ ಹೊತ್ತಿಗೆ ಬೀಗರ ಜೀಪೂ ಬಂತು. ಸಾಹುಕಾರನ ಮಗಳನ್ನು ಸೊಸೆ ಮಾಡಿಕೊಳ್ಳಲಿದ್ದ ಸಾವಿತ್ರೆವ್ವ ಹಣೆ ತುಂಬ ಭಂಡಾರ ಹಚ್ಚಿದ್ದಳು. ಹುಣ್ಣಿಮೆಗೊಮ್ಮೆ ಯಲ್ಲಮ್ಮನ ಗುಡ್ಡಕ್ಕೆ ಬರುವವಳಂತೆ.

"ಸಾವ್ಕಾರ್ರ, ರೋಗ ಸಿಕ್ತು, ಬರ್ರಿ!" ಎಂದು ದಂಡೆಗೆಲ್ಲ ಕೇಳುವಂತೆ ಕೂಗಿದೆ. ಬೀಗರೂ ಬಂದರು. ಬರಲೆಂದೇ ಕೂಗಿದ್ದು.

ಅವ್ವ ಕುಕ್ಕರುಗಾಲಲ್ಲಿ ಕೂತು ಆ ಬಳೆಯನ್ನು ಕುಡಗೋಲಿನಿಂದ ಸೀಳಿ, ದಡಿಯ ತುಂಡನ್ನು ಬಿಡಿಸಿ ಮಾಳಪ್ಪನ ಕೈಗಿಟ್ಟಳು. ಮಾಳಪ್ಪ ಅದನ್ನು ತಿರುವಿ ನೋಡಿ, ತಲೆ ಎತ್ತಿ ಸಾಹುಕಾರನನ್ನು ನೋಡಿದ.

"ಹರಕ ಬಲಿ ಎಲ್ಲಿಂದರ ತೇಲಿ ಬಂದು ಸಿಕ್ಕೊಂಡಿರಬೇಕು" ಎಂದ ನಿಜಗುಣಪ್ಪ.

"ಹೌದೇನ್ರಿ? ಹಂಗಾರ ಇನ್ನೊಮ್ಮೆ ಭಂಡಾರ ಹಿಡೀರಿ" ಎಂದಳು ಅವ್ವ.

"ಎಂಥಾ ಭಂಡಾರ?" ಎಂದು ಸಾವಿತ್ರೆವ್ವ ಕೇಳಿದಳು. ಮಾಳಪ್ಪ ಪಂಚಾಯ್ತಿಯ ಕತೆಯನ್ನೆಲ್ಲ ಹೇಳಿದ. ಆಕೆ ಸೊಂಟದ ಚೀಲ ಬಿಚ್ಚಿ ಮುಂದೆ ಚಾಚಿದಳು. "ಹಿಡೀರಿ ಬೀಗರ. ಖರೇ ಇದ್ದವ್ರಿಗೆ ಅಂಜಿಕಿ ಎದರದು?"

ಅವನ ಕೈ ಅರ್ಧದವರೆಗೆ ಬಂತು. ಅಲ್ಲೇ ನಿಂತಿತು. ಆಮೇಲೆ ಹಿಂದೆ ಹೋಗಿ ಅಂಗಿಗೆ ಒರೆಸಿಕೊಂಡಿತು. ಸಾವಿತ್ರೆವ್ವ ಚೀಲ ಕಟ್ಟಿಕೊಂಡು, ತನ್ನವರಿಗೆ "ನಡೀರಿ, ಬಿಸಲು ಏರಾಕತ್ತೈತಿ" ಎಂದು ಜೀಪಿನತ್ತ ತಿರುಗಿದಳು.

ನಿಜಗುಣಪ್ಪ ಗಾಬರಿಯಿಂದ ಅವ್ವನಿಗೆ ಕೈ ಮುಗಿದ. "ತಪ್ಪಾತು ಮಾಯವ್ವಾ. ಅವ್ರಿಗೆ ಒಂದ್ ಮಾತು ಹೇಳವಾ."

"ನಾ ಕೈ ಮುಗಿದಿರಲಿಲ್ರೀ ಸಾವ್ಕಾರ್ರ" ಎಂದಳು ಅವ್ವ.

ಅವನು ಬಗ್ಗಿದ. ಕಾಲು ಮುಟ್ಟಿದ. ನಾನು ಫೋನು ನೋಡಲಿಲ್ಲ, ರೆಪ್ಪೆ ಬಡಿಯದೆ ಅವನನ್ನೇ ನೋಡಿದೆ. ನಾಲ್ಕು ತಿಂಗಳ ಬೆಂಕಿ ಆಗ ತಣ್ಣಗಾಯಿತು. ಅವ್ವ ಮಾತ್ರ ಬೀಗರಿಗೆ ಒಂದು ಮಾತನ್ನೂ ಹೇಳಲಿಲ್ಲ, ಜೀಪು ಹೊರಟುಹೋಯಿತು.

ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಚಾಳಿ ನನಗಿಲ್ಲ. ಶಾಫ್ಟು ತೊಳೆದೆ, ಜಿನುಗುವ ಜಾಗದ ಪ್ಯಾಕಿಂಗ್ ಬದಲಿಸಿದೆ, ಜೋಡಣೆ ಬಿಗಿದೆ. "ಓಡಿಸಿ ನೋಡಬೇಕ್ರಿ" ಎಂದು ಬೋಟು ನೀರಿಗಿಳಿಸಿ, ಬೀಗತಿಗೆಂದು ಹೂವು ಕಟ್ಟಿದ್ದ ಬಿಳಿ ಸೀಟಿನ ಮೇಲೆ ಅವ್ವನನ್ನು ಕೂರಿಸಿದೆ. ವೇಗ ಏರಿಸಿದೆ. ಎಲ್ಲೂ ನಡುಕವಿಲ್ಲ. ದಂಡೆಯಲ್ಲಿ ಖಾಲಿ ಶಾಮಿಯಾನದ ಮುಂದೆ ನಿಜಗುಣಪ್ಪ ಒಬ್ಬನೇ ನಿಂತಿದ್ದ.

ಒಂದು ಸುತ್ತು ಮುಗಿಸಿ ದಂಡೆಯ ಕಡೆ ತಿರುಗಿಸಹೋದೆ. ಅವ್ವ ನನ್ನ ತೋಳು ಹಿಡಿದಳು.

"ಇನ್ನೊಂದು ಸುತ್ತು ಹೊಡಿ ತಮ್ಮಾ" ಎಂದಳು. "ಅವ ನಿಂತು ನೋಡ್ಲಿ."